ದೊಡ್ಡಮ್ಮ ತಿದ್ದಿದ ಅಲೆ

ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಮುದ್ರಣಾಲಯದಲ್ಲಿ ಗಣಿತದ ಪುಸ್ತಕಗಳ ಕರಡು ತಿದ್ದಿದವಳು. ನಿವೃತ್ತಿಯಾದರೂ ಕೈ ಸುಮ್ಮನಿರಬೇಕಲ್ಲ. ಈಗ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಗ್ರಾಫ್‌ಗಳನ್ನು ಚಲಿಸುವಂತೆ ಮಾಡುವ ಒಂದು ಉಚಿತ ತಂತ್ರಾಂಶದ ಕೈಪಿಡಿಯಲ್ಲಿರುವ ಕೋಡ್ ಉದಾಹರಣೆಗಳನ್ನು ತಿದ್ದುತ್ತಾಳೆ. ಯಾರೂ ಕರೆದು ಹೇಳಿದ ಕೆಲಸವಲ್ಲ. ಒಂದನ್ನೂ ಕಾಪಿ ಮಾಡಿ ಅಂಟಿಸುವುದಿಲ್ಲ. ಹೊಸದಾಗಿ ಕಲಿಯುವವರ ಹಾಗೆ ಒಂದೊಂದೇ ಅಕ್ಷರ ಟೈಪ್ ಮಾಡಿ, ಫೈಲಿನಲ್ಲಿ ಉಳಿಸಿ, ಓಡಿಸಿ ನೋಡುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ. ಬೈಗುಳ ಮಾತ್ರ ಹಾಲಿಗೆ.

ಅಮ್ಮ ಅವಳ ತಂಗಿ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಟ್ಯಾಂಕಿನ ನೀರು ದಿನವಿಡೀ ಏರಿಳಿಯುವುದನ್ನು ಸೋಮವಾರದ ಸಭೆಯಲ್ಲಿ ಚಲಿಸುವ ಗ್ರಾಫಿನಲ್ಲಿ ತೋರಿಸುತ್ತೇನೆಂದು ತಾನಾಗಿಯೇ ಒಪ್ಪಿಕೊಂಡಿದ್ದಳು. ಐವತ್ತೆರಡನೇ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕಚೇರಿಯವರು ಮುಸಿಮುಸಿ ನಕ್ಕಿದ್ದರು. ಅದಕ್ಕೇ ಅವಳಿಗೆ ಹಟ. ಮೊದಲು ಅದೇ ಕೈಪಿಡಿಯ ಅಲೆಯ ಉದಾಹರಣೆಯನ್ನು ಮಾಡಿ ನೋಡಿದಳು. ಅಲೆ ಮೂಡಿತು, ಕದಲಲಿಲ್ಲ. ನಾಲ್ಕು ದಿನ ಅಳಿಸಿ ಬರೆದರೂ ಅಷ್ಟೇ. ಶನಿವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬಂದು ಅಕ್ಕನ ಎದುರು ಕೂತಳು.

“ನನ್ನ ತಲೆಗೆ ಇದೆಲ್ಲ ಹತ್ತಲ್ಲ ಅಕ್ಕ. ಆಗಲ್ಲ ಅಂತ ಸಾಹೇಬ್ರಿಗೆ ಹೇಳ್ಬಿಡ್ತೀನಿ.”

“ಹೇಳೋಕೆ ಸೋಮವಾರದ ತನಕ ಟೈಮಿದೆ. ಮೊದ್ಲು ತೋರ್ಸು.”

ದೊಡ್ಡಮ್ಮ ಟೈಪ್ ಮಾಡಿದಳು. ಅವಳ ಅಲೆಯೂ ಜಪ್ಪಯ್ಯ ಅನ್ನಲಿಲ್ಲ. ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಗುಟ್ಟು ಸಿಕ್ಕಿತು. ಉದಾಹರಣೆ ಚಲನೆಯನ್ನು ಸೃಷ್ಟಿಸುತ್ತಿತ್ತು, ಆದರೆ ಅದಕ್ಕೊಂದು ಹೆಸರಿಟ್ಟು ಹಿಡಿದುಕೊಂಡಿರಲಿಲ್ಲ. ಹೆಸರಿಲ್ಲದ್ದನ್ನು ಕಂಪ್ಯೂಟರ್ ಕಸವೆಂದು ಗುಡಿಸಿಹಾಕುತ್ತಿತ್ತು. ಬರೆದ ಪಂಡಿತರು ಒಂದೊಂದೇ ಸಾಲು ಕೊಟ್ಟು ಉತ್ತರ ಪಡೆಯುವ ಕಿಟಕಿಯಲ್ಲಿ ಪರೀಕ್ಷಿಸಿದ್ದರು; ಆ ಕಿಟಕಿ ಕೊನೆಯ ಫಲಿತಾಂಶವನ್ನು ತಾನೇ ಕಾದಿಟ್ಟುಕೊಳ್ಳುತ್ತದೆ. ಫೈಲಿಗೆ ಆ ಉಸಾಬರಿ ಇಲ್ಲ. ಸಾಲಿನ ಮುಂದೆ ಒಂದು ಹೆಸರು ಸೇರಿಸಿದ್ದೇ ತಡ, ಅಲೆ ಓಡಿತು.

ಕೈಪಿಡಿ ಬರೆದವರಿಗೆ ತಿದ್ದುಪಡಿ ಕಳಿಸಿದರೆ, “ನಮ್ಮಲ್ಲಿ ಸರಿಯಾಗಿಯೇ ಓಡುತ್ತಿದೆ” ಎಂದು ಉತ್ತರ. ದೊಡ್ಡಮ್ಮನ ಪಿತ್ತ ನೆತ್ತಿಗೇರಿತು. “ನಿಮ್ಮಲ್ಲಿ ಓಡುತ್ತದೆ. ಕಲಿಯುವವರಲ್ಲಿ ಓಡುವುದಿಲ್ಲ. ಫೈಲಿನಲ್ಲಿ ಉಳಿಸಿ ಓಡಿಸಿ, ಆಮೇಲೆ ಮಾತಾಡೋಣ” ಎಂದು ಕಡ್ಡಿ ಮುರಿದಂತೆ ಬರೆದಳು. ಭಾನುವಾರ ಮಧ್ಯಾಹ್ನ ಅವರು ಕ್ಷಮೆ ಕೇಳಿ ಒಪ್ಪಿಕೊಂಡರು. ತಿದ್ದಿದ ಪುಟದ ಕೆಳಗೆ, ತಪ್ಪು ಹಿಡಿದವರೆಂದು ಅಮ್ಮನ ಹೆಸರಿತ್ತು. ದೊಡ್ಡಮ್ಮ ತನ್ನ ಹೆಸರನ್ನು ಎಲ್ಲೂ ಹಾಕಿರಲಿಲ್ಲ. ಇಂಥದ್ದಕ್ಕೇ ನನಗೆ ಅವಳೆಂದರೆ ಪ್ರಾಣ.

“ನಾನೇನು ಹಿಡಿದೆ ಅಕ್ಕ? ನಂಗೆ ಬರ್ಲಿಲ್ಲ, ಅಷ್ಟೇ.”

“ಬರೆದಿದ್ದನ್ನ ಬರೆದ ಹಾಗೇ ಮಾಡಿದೆಯಲ್ಲ ಕಣೆ. ಅವರಲ್ಲಿ ಒಬ್ರೂ ಅದನ್ನ ಮಾಡಿರ್ಲಿಲ್ಲ.”

ಅಮ್ಮ ಪುಟವನ್ನು ಎರಡು ಸಲ ಓದಿದಳು.

“ಹಾಗಾದ್ರೆ ನಾಲ್ಕು ದಿನಾನೂ ತಪ್ಪು ನಂದಲ್ಲ,” ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಚೀಲದಿಂದ ಟ್ಯಾಂಕಿನ ಅಂಕಿಗಳ ಕಾಗದ ತೆಗೆದು ಮೇಜಿನ ತುಂಬ ಹರಡಿದಳು.

“ಏಳಕ್ಕ, ಜಾಗ ಬಿಡು. ನಾಳೆ ನಾನು ಸಭೇಲಿ ತೋರಿಸ್ಬೇಕು.”

ದೊಡ್ಡಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟಳು.