ಕೊಳವೆ ಕಾಣಿಸದ ಹಿತ್ತಲು

ಸೌಮ್ಯಶ್ರೀ ಮಾಡುತ್ತಿದ್ದ ಆಂಟೆನಾವನ್ನು ಅವಳ ಅತ್ತೆ ಸುಗುಣ ‘ತಗಡು’ ಎನ್ನುತ್ತಿದ್ದಳು. ನೆಲದೊಳಗೆ ರೇಡಿಯೋ ಅಲೆ ಕಳಿಸಿ, ಹೂತ ಕೊಳವೆ, ಕೇಬಲ್ಲುಗಳ ಚಿತ್ರ ತೆಗೆಯುವ ಯಂತ್ರಕ್ಕೆ ಬೇಕಾದ ತಗಡು ಅದು. ಚಿಟ್ಟೆಯ ರೆಕ್ಕೆಯಂಥ ಎರಡು ತಾಮ್ರದ ತ್ರಿಕೋನಗಳು. ಕಳಿಸಿದ ಅಲೆ ತುದಿಯಿಂದ ಹಿಂದಕ್ಕೆ ಬಂದು ಚಿತ್ರ ಕೆಡಿಸದಂತೆ ಅಂಚಿಗೆ ಬೆಸೆದ ಪುಟ್ಟ ರೆಸಿಸ್ಟರುಗಳು. ಬೆಸೆಯುತ್ತಿದ್ದುದು ಅಡುಗೆಮನೆಯ ಕಟ್ಟೆಯಲ್ಲಿ, ಕುಕ್ಕರಿನ ಸೀಟಿಗಳ ನಡುವೆ.

ಬ್ರಹ್ಮಾವರದ ಸರ್ವೆ ಕಂಪನಿಯ ಸ್ವರ್ಣಲತಾ ಮಾತು ಕೊಟ್ಟಿದ್ದರು. ಸ್ವಂತ ಆಂಟೆನಾದಲ್ಲಿ ಕೊಳವೆಯ ಸ್ಪಷ್ಟ ಚಿತ್ರ ತಂದರೆ ವಿನ್ಯಾಸದ ಕೆಲಸ ಅವಳದು. ಅದಕ್ಕೇ ಅವಳು ಹಿತ್ತಲಿನ ಹೊಯ್ಗೆಯಲ್ಲಿ, ಆ ಮರಳು ನೆಲದಲ್ಲಿ, ಕಬ್ಬಿಣದ ಕೊಳವೆ ಹೂತು, ಮಳೆಗಾಲ ಮುಗಿಯುವುದನ್ನು ಕಾದಿದ್ದಳು.

ಮಳೆ ಮುಗಿಯಿತೆಂದರೆ ಆ ಮನೆಯಲ್ಲಿ ಒಣಮೀನಿನ ಕೆಲಸ. ಬಂಗುಡೆ ಸೀಳುವುದು, ಉಪ್ಪು ತುಂಬುವುದು, ಮೀನು ನೆನೆದ ಉಪ್ಪುನೀರಿನ ಡ್ರಮ್ಮು ತೊಳೆಯುವುದು ಸೊಸೆಯ ಪಾಲು. ಮೀನು ಮಾರಿ ಹಣ ಬಂದ ಮೇಲೆ ಅದು ಗಂಡ ಯೋಗೀಶನ ವ್ಯಾಪಾರ.

‘‘ಬ್ರಹ್ಮಾವರಕ್ಕೆ ದಿನಾ ಹೋಪುದಾದ್ರೆ ಡ್ರಮ್ಮ್ ಯಾರ್ ತೊಳುದ್? ನಿನ್ನ ಅಪ್ಪ ಬತ್ರಾ?’’ ಎಂದಿದ್ದಳು ಸುಗುಣ.

ಯೋಗೀಶ ಮಾತ್ರ ಒಂದು ಸಂಜೆ ತಾನಾಗಿ ಹತ್ತಿರ ಬಂದು ಕೂತ. ‘‘ಇದ್ ಎಲ್ಲಾ ಮಣ್ಣಗೂ ಕಾಣತ್ತಾ?’’

ಮದುವೆಯಾದ ಮೇಲೆ ಅವನು ಅವಳ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಅವಳು ಬಂಗುಡೆಯ ಕೈ ತೊಳೆದು ಬಂದು ವಿವರಿಸಿದಳು. ಒಣ ಹೊಯ್ಗೆಯಲ್ಲಿ ಅಲೆ ಆಳಕ್ಕಿಳಿಯುತ್ತದೆ. ಉಪ್ಪುನೀರು ಕುಡಿದ ಮಣ್ಣು ಮಾತ್ರ ಅಲೆಯನ್ನೇ ನುಂಗಿಬಿಡುತ್ತದೆ.

‘‘ಹೌದಾ?’’ ಎಂದು ಅವನು ಎದ್ದು ಹೋದ.

ಮುಂದಿನ ವಾರ ಹಿತ್ತಲಲ್ಲಿ ಆಂಟೆನಾ ಎಳೆದು ನೋಡಿದರೆ ಯಂತ್ರದ ಪರದೆಯಲ್ಲಿ ಕೊಳವೆ ಇರಲಿಲ್ಲ. ಕಮಾನಿನಂತೆ ಮೂಡಬೇಕಾದ ಗೆರೆಯ ಜಾಗದಲ್ಲಿ ಬರೀ ಬೂದು. ತಪ್ಪು ಆಂಟೆನಾದ್ದೇ ಎಂದುಕೊಂಡಳು. ರೆಸಿಸ್ಟರು ಕಿತ್ತಳು, ರೆಕ್ಕೆ ಅಗಲ ಮಾಡಿದಳು, ಮತ್ತೆ ಬೆಸೆದಳು. ಅನ್ನ ತಳ ಹಿಡಿಯಿತು, ಬೈಗುಳ ತಿಂದಳು. ಬೂದು ಹಾಗೇ ಇತ್ತು.

ಕೊನೆಗೆ ಕೊಳವೆಯೇ ಜರುಗಿರಬಹುದೆಂದು ಹಾರೆ ಹಿಡಿದು ಅಗೆದಳು. ಹೊಯ್ಗೆ ಒದ್ದೆಯಾಗಿತ್ತು. ಮೂಗಿಗೆ ಮೀನಿನ ವಾಸನೆ ಬಂತು. ಚಿಟಿಕೆ ಎತ್ತಿ ನಾಲಿಗೆಗಿಟ್ಟಳು. ಉಪ್ಪು. ಬೇಲಿಯ ಬುಡದಲ್ಲಿ ತೆಂಗಿನ ಗರಿ ಸರಿಸಿದಾಗ, ಡ್ರಮ್ಮುಗಳ ಕಡೆಯಿಂದ ಬಂದ ಹಸಿರು ಪೈಪಿನ ಬಾಯಿ ಅವಳ ಗುಂಡಿಗೇ ತೆರೆದಿತ್ತು.

ಯೋಗೀಶ ಜಗಲಿಯಲ್ಲಿ ಮೊಬೈಲು ನೋಡುತ್ತಿದ್ದ.

‘‘ಪೈಪ್ ಯಾರ್ ಹಾಕದ್?’’

‘‘ನಾನೇ. ಡ್ರಮ್ಮಿನ್ ನೀರ್ ಎಲ್ಲಾದ್ರೂ ಬಿಡ್ಕಲ್ದಾ?’’ ತಲೆ ಎತ್ತಲಿಲ್ಲ. ‘‘ಹಿತ್ಲ್ ನಿಂದಾ?’’

ಒಳಗಿನಿಂದ ಸುಗುಣ ನಕ್ಕದ್ದು ಕೇಳಿಸಿತು.

ಸೌಮ್ಯಶ್ರೀ ಜಗಳವಾಡಲಿಲ್ಲ. ಕೊಳವೆ ಕಿತ್ತು ತೊಳೆದಳು, ಆಂಟೆನಾ ಬಟ್ಟೆಯಲ್ಲಿ ಸುತ್ತಿದಳು, ಕೆರಾಡಿಗೆ ಹೋದಳು. ಅಲ್ಲಿ ಕಾಲೇಜಿನ ಗೆಳತಿ ಹರಿಣಾಕ್ಷಿಯ ಮನೆ. ಸಮುದ್ರದ ಗಾಳಿ ಸೋಕದ ಒಣ ಜಂಬಿಟ್ಟಿಗೆ ನೆಲ. ಇಬ್ಬರೂ ಸೇರಿ ಅಗೆದರು, ಕೊಳವೆ ಹೂತರು. ರೆಕ್ಕೆ ಅಗಲ ಮಾಡಿದ್ದ ಆಂಟೆನಾವನ್ನೇ ನೆಲದ ಮೇಲೆ ಎಳೆದಳು. ಕಮಾನು ಎದ್ದಿತು, ಅಂಚು ಮಸುಕಾಗದೆ. ಚಿತ್ರ ಅಲ್ಲಿಂದಲೇ ಸ್ವರ್ಣಲತಾಗೆ ಹೋಯಿತು. ‘ಸೋಮವಾರ ಬನ್ನಿ’ ಎಂಬ ಉತ್ತರ ಬಂದಾಗ ಹರಿಣಾಕ್ಷಿ ಚಹಾ ಸೋಸುತ್ತಿದ್ದಳು.

ಮರಳಿ ಬಂದಾಗ ಡ್ರಮ್ಮುಗಳು ಗೇಟಿನ ತನಕ ನಾರುತ್ತಿದ್ದವು. ನೊಣ ಮುತ್ತಿತ್ತು. ಅವಳು ಹೋದಾಗ ಹೇಗಿದ್ದವೋ ಹಾಗೇ ಬಿಟ್ಟಿದ್ದರು.

‘‘ಹ್ವಾಯ್, ಮಹಾರಾಣಿ! ಇದನ್ನ್ ಯಾರ್ ತೊಳುದ್?’’ ಸುಗುಣ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೂಗಿದಳು.

ಸೌಮ್ಯಶ್ರೀ ಚಪ್ಪಲಿ ಬಿಚ್ಚಿದಳು. ‘‘ಅತ್ತೆ, ಉಪ್ಪ್‌ನೀರ್ ಎಲ್ಲಿಗ್ ಬಿಡ್ಕ್ ಅಂತ ನಿಮ್ಮ ಮಗನಿಗ್ ಚಂದ ಗೊತ್ತಿತ್ತ್. ತೊಳುದೂ ಗೊತ್ತಾತ್ತ್.’’

ಯೋಗೀಶನ ಕೈಯಲ್ಲಿದ್ದ ಮೊಬೈಲು ಕೆಳಗಿಳಿಯಿತು. ಅವಳು ಬ್ರಷ್ಷನ್ನು ಅವನ ಪಕ್ಕದಲ್ಲಿಟ್ಟು, ಸೋಮವಾರಕ್ಕೆ ಸೀರೆ ಇಸ್ತ್ರಿ ಮಾಡಲು ಒಳಗೆ ಹೋದಳು. ಅವನ ಅಂಗಿ ಬಿಟ್ಟು, ತನ್ನದೊಂದನ್ನೇ.