ನನ್ನ ಏಳು ಮಂದಿ

ನಾನು ಮಿಡ್ಲ್ ಪರೀಕ್ಷೆ ಪಾಸಾಗುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಅಫಜಲಪುರದ ತಹಸೀಲಿನಲ್ಲಿ ಗುಮಾಸ್ತರಾಗಿದ್ದರು. ಆಳಂದದ ಕಡೆಯ ನಮ್ಮೂರು ಮಟಕಿಯಿಂದ ಅವ್ವ ನನ್ನನ್ನು ಅವರ ಮನೆಗೆ ತಂದು ಬಿಟ್ಟ ದಿನ ಪಡಸಾಲೆಯಲ್ಲಿ ಕೂತೇ ಅಂದರು: "ಒಕ್ಕಲುತನದವ್ರ ಹುಡುಗ್ರು ನಾಕನೇತ್ತಾ ತನಕ ಓದ್ತಾವು ತಂಗಿ. ಆಮ್ಯಾಲ ಎತ್ತು ಕರೀತಾವು."

"ಕರಿಯೂ ತನಕ ಓದ್ಲಿ ಬಿಡಣ್ಣ," ಅಂದಳು ಅವ್ವ.

ಮಾತು ಹಾಗಿದ್ದರೂ ಮಾವ ನನ್ನನ್ನು ಇಟ್ಟುಕೊಂಡರು. ಅತ್ತೆ ತನ್ನ ಮಗನಿಗೆ ಎಷ್ಟು ರೊಟ್ಟಿ ಹಾಕುತ್ತಿದ್ದಳೋ ನನಗೂ ಅಷ್ಟೇ ಹಾಕಿದಳು. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ.

ಮಾವನ ಮಗ ನನಗಿಂತ ಒಂದು ವರ್ಷ ದೊಡ್ಡವನು. ಭಾವ ಎಂದು ಕರೆಯುತ್ತಿದ್ದೆ. ಒಂದು ಸಲ ನಪಾಸಾಗಿ ನನ್ನ ವರ್ಗಕ್ಕೇ ಬಂದು ಕೂತಿದ್ದ. ಓದಿಗಿಂತ ನಮ್ಮಿಬ್ಬರನ್ನು ಕಟ್ಟಿದ್ದು ಹುತುತು, ಈಗ ಕಬಡ್ಡಿ ಅನ್ನುತ್ತಾರಲ್ಲ, ಅದು. ಪಂಚಮಿಗೆ ಸುರುವಾದರೆ ಹೋಳಿಹುಣ್ಣಿವೆಯ ತನಕ ಊರೂರಿಗೆ ಜಿದ್ದಾಜಿದ್ದಿ. ಅಫಜಲಪುರ ಸೀಮೆಯ ಆಟಗಳನ್ನು ಇಬ್ಬರೂ ಕೂಡಿ ನೋಡುತ್ತಿದ್ದೆವು. ರಜೆಗೆ ಅವನೂ ನನ್ನ ಜೊತೆ ಮಟಕಿಗೆ ಬಂದರೆ ಆಳಂದದ ಕಡೆಯ ಆಟ ಸಿಗುತ್ತಿತ್ತು. ಅಕ್ಕನನ್ನು ಜೇವರ್ಗಿ ಕಡೆ ಇಜೇರಿಗೆ ಕೊಟ್ಟಿದ್ದರಿಂದ ಅಲ್ಲಿಯದೂ ಆಯಿತು.

ಹೋಳಿಯ ಬಣ್ಣ ತೊಳೆದುಕೊಂಡ ಮರುದಿನ ನಾವಿಬ್ಬರೂ ಒಂದೇ ವಹಿಯಲ್ಲಿ, ಎಡದ ಹಾಳೆ ಅವನದು ಬಲದ ಹಾಳೆ ನನ್ನದು ಎಂದು ಹಂಚಿಕೊಂಡು, ಆ ವರ್ಷದ ಏಳು ಮಂದಿಯನ್ನು ಆರಿಸುತ್ತಿದ್ದೆವು. ಮೂರು ಸೀಮೆಯ ಆಟಗಾರರಲ್ಲಿ ಒಂದೇ ತಂಡ ಕಟ್ಟುವುದಾದರೆ ಯಾರು ಯಾರು? ಈ ತಂಡ ಎಂದೂ ಯಾವ ಅಂಗಳಕ್ಕೂ ಇಳಿಯಲಿಲ್ಲ. ಅದರಲ್ಲಿದ್ದವರಿಗೂ ಗೊತ್ತಿರಲಿಲ್ಲ. ನೇಮ ಹಾಕಿದವನು ಭಾವನೇ: ಕಣ್ಣಾರೆ ಕಂಡವನನ್ನೇ ಬರೆಯಬೇಕು, ಹೆಸರಿನ ಮುಂದೆ ಊರು ಮತ್ತು ಕಾರಣ ಬರೆಯಬೇಕು, ಮನೆಯವರನ್ನು ಹಾಕಬಾರದು. ಸಾಲಿಯಲ್ಲಿ ಎಲ್ಲವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಕೈಗೆ ಅದೇ ರೂಢಿಯಾಗಿ ಪಟ್ಟಿಯನ್ನೂ ಉರ್ದುವಿನಲ್ಲೇ ಬರೆಯುತ್ತಿದ್ದೆವು.

ನಲವತ್ತೆಂಟರ ಹೋಳಿಗೆ ಭಾವನ ಆಟ ನಿಜಕ್ಕೂ ಏರಿತ್ತು. ಗಾಣಗಾಪುರದವರ ಮೇಲೆ ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಬಂದಿದ್ದ. ವಹಿ ಬಿಚ್ಚಿದಾಗ ನನ್ನ ಆರು ಹೆಸರು ಸರಸರ ಬಿದ್ದವು. ಏಳನೆಯದಕ್ಕೆ ಬರೆಯುತ್ತಿದ್ದ ಲೆಕ್ಕಣಿಕೆ ನಿಂತಿತು.

"ಈ ಸಲ ನನ್ನ ಹಾಕು ಲೇ," ಅಂದ ಭಾವ.

"ನೇಮ ನಿಂದs ಅಲ್ಲೇನು ಭಾವ? ಮನಿಯವ್ರನ್ನ ಹಾಕಬಾರ್ದು."

"ನೇಮ ಮಾಡಿದಾಂವಾ ಮುರೀಬಾರ್ದೇನು?"

ನಾನು ನಕ್ಕು, ಗಾಣಗಾಪುರದಲ್ಲಿ ಯಾತ್ರಿಕರ ಗಂಟು ಹೊರುವ ಒಬ್ಬ ಹುಡುಗನ ಹೆಸರು ಬರೆದೆ. ಕಾರಣ: ‘ಹಿಡಿದರೆ ಬಿಡುವುದಿಲ್ಲ.’ ಆ ಆಟದಲ್ಲಿ ಭಾವನನ್ನೇ ಕೊನೆಗೆ ಕಾಲು ಹಿಡಿದು ಕೆಡವಿದವನು ಅವನು. ಭಾವನೂ ನಕ್ಕ. ಆ ನಗೆಯನ್ನು ನಾನು ನಗೆ ಎಂದೇ ನಂಬಿದೆ.

ಕಾಲ ನೆಟ್ಟಗಿರಲಿಲ್ಲ. ಹಿಂದಿನ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಾವು ಹೈದರಾಬಾದ್ ಸಂಸ್ಥಾನದವರು. ಸೊಲ್ಲಾಪುರದ ಗಡಿಯಾಚೆ ಹುಡುಗರು ಕ್ಯಾಂಪು ಹಾಕಿಕೊಂಡಿದ್ದಾರೆ, ಸರ್ಕಾರದ ವಿರುದ್ಧ ಎದ್ದಿದ್ದಾರೆ ಎಂದು ಊರೆಲ್ಲ ಗುಸುಗುಸು. ಕ್ಯಾಂಪಿಗೆ ಹೋಗುವವರ ಹೆಸರು ಹುಡುಕುತ್ತ ಪೊಲೀಸರು ಹಳ್ಳಿ ತಿರುಗುತ್ತಿದ್ದರು. ಅಂಥ ಹೊತ್ತಿನಲ್ಲಿ ಮೂರು ಸೀಮೆಯ ಏಳು ಗಟ್ಟಿ ಹುಡುಗರ ಹೆಸರು, ಊರು, ಯಾರ ಬಲ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ನೋಡಿದವರಿಗೆ ಏನನ್ನಿಸೀತು? ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹುತುತಿನ ಹುಚ್ಚಿದ್ದವನಿಗೆ ಅದು ಆಟದ ಪಟ್ಟಿ, ಅಷ್ಟೇ.

ಪರೀಕ್ಷೆ ಮುಗಿಯಿತು. ಪಾಸಾಗಿದ್ದೆ. ಸುದ್ದಿ ಕೇಳಿ ಸಾಲಿಗೆ ಓಡಿದರೆ ಹೆಡ್‌ಮಾಸ್ತರರು ಕೂರಲು ಹೇಳಲಿಲ್ಲ. ಮೇಜಿನ ಮೇಲೆ ನಮ್ಮ ವಹಿ ಇತ್ತು.

"ಈ ಬರವಣಿಗಿ ಯಾರದು?"

"ನಂದು ರೀ. ಹುತುತಿಂದು ರೀ."

"ಹುತುತಿನ ಪಟ್ಟಿ ಪೊಲೀಸ್ನವ್ರು ಬರಕೊಂಡು ಹೋಗ್ತಾರೇನಲೇ? ನಂಬರ್ ಬಂದಾವು, ಖರೆ. ನಡತಿ, ಚಾಲಚಲನ ಚಲೋ ಅದ ಅಂತ ನಾ ಹ್ಯಾಂಗ ಬರೀಲಿ? ಸನದು ಸಿಗಂಗಿಲ್ಲ. ಹೋಗು."

ಪಾಸಾದದ್ದಕ್ಕೆ ಕೊಡುವ ಆ ಕಾಗದ, ಸನದು, ಇಲ್ಲದೆ ಗುಲ್ಬರ್ಗಾದ ಹೈಸ್ಕೂಲಿನ ಬಾಗಿಲು ತೆರೆಯುವುದಿಲ್ಲ. ಮಟಕಿಯಲ್ಲಿ ನೊಗ ಕಾಯುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನಾನು ಅದನ್ನು ಯೋಚಿಸಲಿಲ್ಲ. ನನ್ನ ಕಣ್ಣು ವಹಿಯ ಮೇಲಿತ್ತು. ಬಲದ ಹಾಳೆ ಇತ್ತು. ಎಡದ ಹಾಳೆಯನ್ನು ಬ್ಲೇಡಿನಿಂದ ಹೊಲಿಗೆಯ ತನಕ ನೀಟಾಗಿ ಕೊಯ್ದು ತೆಗೆದಿದ್ದರು.

ಭಾವ ಬಾವಿಕಟ್ಟೆಯಲ್ಲಿದ್ದ. ನನ್ನನ್ನು ಕಂಡವನು ಕೊಡ ಇಳಿಸಲಿಲ್ಲ.

"ಪೊಲೀಸ್ರು ತಪಾಸಕ್ಕ ಬರ್ತಾರಂತ ಅಪ್ಪ ಹೇಳಿದ," ಅಂದ, ನಾನು ಕೇಳುವ ಮೊದಲೇ. "ವಹಿ ಮನ್ಯಾಗ ಸಿಕ್ಕಿದ್ರ ಅಪ್ಪನ ನೌಕರಿ ಹೋಗ್ತಿತ್ತು. ಹೆಡ್‌ಮಾಸ್ತರ್ ಕೈಯಾಗ ಕೊಟ್ಟೆ."

"ಒಲ್ಯಾಗ ಹಾಕಬೇಕಿತ್ತು."

ಕೊಡವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ನಿನ್ನ ಹಾಳಿ ತಕ್ಕೊಂಡಿ. ನಂದ್ಯಾಕ ಬಿಟ್ಟಿ ಭಾವ?"

"ನೀ ನನ್ನ ಹೆಸರು ಹಾಕಿದ್ಯೇನು?" ಅಂದ. ಕೊಡ ಹೊತ್ತು ಹೋದ.

ಹೊಡೆದಿದ್ದರೆ ಮರೆಯುತ್ತಿದ್ದೆ. ಆ ಮಾತು ಇವತ್ತಿಗೂ ಹಸಿ ಇದೆ.

ನಾನು ಮಟಕಿಗೆ ಬಂದು ಎತ್ತಿನ ಹಿಂದೆ ನಿಂತೆ. ಮುಂಗಾರು ಬಿತ್ತಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಗಾಣಗಾಪುರದ ಆ ಹುಡುಗ ನಮ್ಮ ಹೊಲದ ಬದುವಿಗೆ ಬಂದು ನಿಂತ. ಅಷ್ಟು ದೂರ ನನ್ನನ್ನೇ ಹುಡುಕಿಕೊಂಡು ಬಂದಿದ್ದ. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ನೀ ಏನಪಾ ನನ್ನ ಹೆಸರು ಬರದಾಂವಾ?"

"ಹೌದು."

"ಯಾಕ ಬರದಿ?"

"ಚಲೋ ಹಿಡೀತಿದ್ದಿ. ಮೂರೂ ಸೀಮಿಯೊಳಗ ನಿನ್ನಂಥಾಂವ ಇರಲಿಲ್ಲ."

ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. "ಅಷ್ಟಕ್ಕs? ಎಂಟು ದಿನ ಠಾಣ್ಯಾದಾಗ ಕುಂತು, ಯಾವ ಪಾಪಕ್ಕಪ್ಪಾ ಅಂತ ವಿಚಾರ ಮಾಡೇನಿ. ಚಲೋ ಆಡಿದ್ದಕ್ಕ ಏಟು ತಿಂದಾಂವಾ ನಾ ಒಬ್ಬನs ಇರಬೇಕು ನೋಡು." ಬದುವಿನ ಮೇಲೆ ಕೂತು ನನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿ ತಿಂದ. ಎದ್ದು ಹೋಗುವಾಗ ಕೇಳಿದ: "ಉಳದ ಆರು ಮಂದಿ ಯಾರು?" ಹೇಳಿದೆ. ತಲೆ ಆಡಿಸಿದ. "ತಂಡ ಚಲೋ ಕಟ್ಟಿದ್ದಿ."

ನನ್ನ ಪಟ್ಟಿಯಲ್ಲಿ ತಾವಿದ್ದೇವೆಂದು ಆ ಏಳು ಮಂದಿಗೆ ತಿಳಿದದ್ದು ಪೊಲೀಸರ ಬಾಯಿಂದ. ಅವರಲ್ಲಿ ಒಬ್ಬನಾದರೂ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತೇನೋ. ನಾನೂ ಅವರಿಗೆ ದ್ರೋಹ ಬಗೆದವನೇ, ಅರಿಯದೆ.

ಭಾರತದ ಸೈನ್ಯ ಬಂದು ಸಂಸ್ಥಾನ ಮುಗಿದ ಮೇಲೆ ಸಾಲಿಯಲ್ಲಿ ಹೆಡ್‌ಮಾಸ್ತರರು ಬದಲಾದರು. ತಡೆಹಿಡಿದ ಸನದುಗಳನ್ನು ಕೊಡುತ್ತಿದ್ದಾರೆಂದು ಮಾವ ಹೇಳಿಕಳಿಸಿದರು. ಬಿಳಿಜೋಳದ ಎಡೆಕುಂಟೆ ಹೊಡೆಯುವುದನ್ನು ಅರ್ಧಕ್ಕೆ ಬಿಟ್ಟು ಅಫಜಲಪುರಕ್ಕೆ ನಡೆದೆ. ಆ ಕಾಗದದಿಂದಲೇ ಹೈಸ್ಕೂಲು, ಹೈಸ್ಕೂಲಿನಿಂದ ಬಿ.ಎ. ನಮ್ಮ ಕುಲದಲ್ಲಿ ಮೊದಲ ಪದವೀಧರ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ದಿನ ನಾನು ಅಫಜಲಪುರ ಮುಟ್ಟಿದಾಗ ಸನದು ಸಾಲಿಯಲ್ಲಿರಲಿಲ್ಲ, ಮಾವ ಅದನ್ನು ಮನೆಗೆ ತಂದಿಟ್ಟು ಕಚೇರಿಗೆ ಹೋಗಿದ್ದರು. ಅತ್ತೆ ಬಾಗಿಲಿಗೇ ಬಂದಳು. ಒಳಗೆ ಭಾವ ಕೆಮ್ಮಿದ್ದು ಕೇಳಿಸಿತು. ನಾನು ಚಪ್ಪಲಿ ಬಿಡಲು ಬಗ್ಗಿದೆ.

"ಬಿಡಬ್ಯಾಡಪಾ," ಅಂದಳು. ಸೆರಗಿನಡಿಯಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ನನ್ನ ಕೈಗಿಟ್ಟಳು. ಕಣ್ಣು ತುಂಬಿತ್ತು. "ಹೋಗು, ಭಾಳ ಓದು. ಆದ್ರ ಈ ಮನೀಗಿ ಮತ್ತ ಬರಬ್ಯಾಡ. ನೀ ಬಂದ್ರ ನನ್ನ ಮಗ ತಲಿ ಎತ್ತಂಗಿಲ್ಲ."