ಖಾಲಿ ಬಿಟ್ಟ ಕಾಲಂ

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು, ಪುಸ್ತಕ ನೋಡಿಕೊಂಡು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದೆ. ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ನಾನು ಮಾಡಿದ ರಕ್ತಪರೀಕ್ಷೆಗಳ ಪಟ್ಟಿ ಅದರಿಂದ ತೆಗೆಯಬೇಕಿತ್ತು. ಒಂದು ಕಾಲಂ ಖಾಲಿಯಿದ್ದರೂ ಆ ಸಾಲನ್ನೇ ಬಿಟ್ಟುಬಿಡು ಎಂದು ಬರೆದಿದ್ದೆ.

ಒಂದು ದಿನ ಹಾಡಿಯ ಅಜ್ಜಿಯೊಬ್ಬರು ಫಲಿತಾಂಶ ಕೇಳಲು ಬಂದರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

"ನೀವು ವಯಸ್ಸು ಬರೆಸಿರಲಿಲ್ಲ ಅಜ್ಜಿ, ಅದಕ್ಕೇ ಬಿಟ್ಟುಹೋಗಿದೆ," ಎಂದೆ.

"ವಯಸ್ಸು ಗೊತ್ತಿಲ್ದಿದ್ರೆ ಮೈಯಾಗೆ ರಕ್ತ ಇರಾಕಿಲ್ವಾ?" ಎಂದರು.

ನಾಚಿಕೆಯಾಯಿತು. ಪರೀಕ್ಷೆಯ ದಿನ ಬರೆದಿಟ್ಟಿದ್ದ ನೋಟ್‌ಬುಕ್ ತೆಗೆದು ಅವರ ಫಲಿತಾಂಶ ಓದಿ ಹೇಳಿದೆ.

ಅವರು ಹೋದ ಮೇಲೆ ಪಟ್ಟಿ ಮತ್ತೆ ನೋಡಿದರೆ, ನಾನೂ ಇರಲಿಲ್ಲ. ಪ್ರಯೋಗಕ್ಕೆಂದು ಮೊದಲ ಸಾಲಿಗೆ ನನ್ನದೇ ವಿವರ ತುಂಬಿದ್ದೆ; 'ಮನೆಯಲ್ಲಿ ಜೊತೆಗಿರುವವರು' ಎಂಬ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೆ. ಅಲ್ಲಿ ಸೊನ್ನೆ ಒತ್ತಿದ ಮೇಲೆ ಪ್ರೋಗ್ರಾಂ ನನ್ನನ್ನು ಸೇರಿಸಿಕೊಂಡಿತು.